ತಟ್ಟೆಯ ಪಕ್ಕದ ಬ್ರೆಡ್ಡು

ನಾನು ಬ್ರೆಡ್ಡನ್ನು ತಟ್ಟೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಪಕ್ಕದಲ್ಲಿ ಒಗೆದ ಬಟ್ಟೆಯೊಂದನ್ನು ಹಾಸಿ ಅದರ ಮೇಲಿಡುತ್ತೇನೆ. ಸೊಸೆ ಇದನ್ನು ನನ್ನ ಮಡಿಯೆಂದು ತಿಳಿದಿದ್ದಾಳೆ, ನಾನೂ ತಿದ್ದಲು ಹೋಗಿಲ್ಲ. ನಿಮಗೆ ಹೇಳಲು ಸಂಕೋಚವೇನು, ಅದು ಫ್ರೆಂಚರ ಪದ್ಧತಿ. ತಮಿಳುನಾಡಿನ ಹೊಸೂರಿನ ಪಕ್ಕದ ಹಳ್ಳಿಯಲ್ಲಿ ರಾಗಿ ಬೀಸಿಕೊಂಡು ಬೆಳೆದು, ಎಂಟನೆಯ ತರಗತಿಗೆ ಶಾಲೆ ಬಿಟ್ಟ ನನ್ನಂಥವಳಿಗೆ ಅದು ಬಂದದ್ದು ತಮ್ಮ ಮುನಿರಾಜುವಿನಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ಕನ್ನಡ ಶಾಲೆಯಲ್ಲಿ ಓದಿದ ಅವನು ಸೇರಿದ ಕೃಷ್ಣಗಿರಿಯ ಕಾಲೇಜಿನಲ್ಲಿ ಕನ್ನಡವಿರಲಿಲ್ಲ; ಭಾಷೆಯ ಪಾಠಕ್ಕೆ ತಮಿಳು, ಇಲ್ಲವೇ ಫ್ರೆಂಚು. ಸಂತೆಯಲ್ಲಿ, ಬಸ್ಸಿನಲ್ಲಿ ತಮಿಳನ್ನು ಸಲೀಸಾಗಿ ಆಡುತ್ತಿದ್ದವನಿಗೆ ಹಳೆಯ ತಮಿಳು ಪದ್ಯಗಳ ಪರೀಕ್ಷೆಯೆಂದರೆ ಭಯ. ಫ್ರೆಂಚಾದರೆ ಎಲ್ಲರೂ ಮೊದಲ ಅಕ್ಷರದಿಂದಲೇ ಶುರುಮಾಡಬೇಕು, ಯಾರೂ ಯಾರಿಗಿಂತ ಮುಂದಿರುವುದಿಲ್ಲ ಎಂದು ಯೋಚಿಸಿ ಅದನ್ನೇ ಆರಿಸಿಕೊಂಡ. ಹೀಗೆ ಕನ್ನಡ, ತಮಿಳು, ತೆಲುಗು ಮೂರೂ ಹೊಂದಿಕೊಂಡು ಬಾಳುತ್ತಿದ್ದ ನಮ್ಮ ಜಗಲಿಗೆ ನಾಲ್ಕನೆಯದೊಂದು ಭಾಷೆ, ಸಮುದ್ರ ದಾಟಿ ಬಂದ ನೆಂಟನ ಹಾಗೆ, ಕಂಬಕ್ಕೊರಗಿ ಕೂತಿತು.

ಸಂಜೆ ಅವನು ಪಾಠವನ್ನು ಗಟ್ಟಿಯಾಗಿ ಓದಿ, ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಒಂದು ಪಾಠದಲ್ಲಿ ಒಂದು ಸಂಸಾರ ಊಟಕ್ಕೆ ಕೂರುತ್ತದೆ. ಅವರಿಗೆ ಸಾರಿಗೂ ಬ್ರೆಡ್ಡು, ಪಲ್ಯಕ್ಕೂ ಬ್ರೆಡ್ಡು. ನಮ್ಮ ಕಡೆ ಅದು ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ವಸ್ತು. ಬೇಕರಿಯಿಂದ ಹಿಡಿದುಕೊಂಡು ಬಂದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ದಾರಿಯಲ್ಲೇ ಕೇಳುತ್ತಿದ್ದರು.

"ದಿನಾ ಬ್ರೆಡ್ಡು ತಿಂತಾರಾ? ಆ ಊರೋರ್ಗೆಲ್ಲಾ ಏನ್ಲಾ ಬಂದೈತೆ?" ಎಂದಳು ಅವ್ವ.

"ಏನೂ ಬಂದಿಲ್ಲ ಕಣವ್ವಾ. ಅವ್ರಿಗೆ ಅದೇ ಮುದ್ದೆ. ತಟ್ಟೇಲೂ ಇಕ್ಕಲ್ಲ, ಪಕ್ಕದಾಗೆ ಬಟ್ಟೆ ಮ್ಯಾಲೆ ಇಕ್ಕಂಡು ಕೈಯಾಗೆ ಮುರೀತಾರೆ."

"ಕಾಯಿಲೆ ಮುದ್ದೆ ಅನ್ನು," ಎಂದು ಅವ್ವ ರಾಗಿ ಕೇರುವುದನ್ನು ಮುಂದುವರಿಸಿದಳು.

ಎರಡನೆಯ ವರ್ಷ ಅವನಿಗೆ ಕಾಮಾಲೆಯಾಯಿತು. ಮನೆಗೆ ಬ್ರೆಡ್ಡು ಬಂತು. "ನೋಡಕ್ಕಾ, ನಾನೂ ಆ ಊರೋನಾಗ್ಬುಟ್ಟೆ" ಎಂದು ನಕ್ಕ. ಬಟ್ಟೆ ಹಾಸೆಂದ, ಹಾಸಿದೆ. ಒಂದು ತುಂಡು ಮುರಿದು ಕೈಯಲ್ಲಿ ಹಿಡಿದುಕೊಂಡನೇ ಹೊರತು ತಿನ್ನಲಾಗಲಿಲ್ಲ. ಆ ವಾರವೇ ಹೋದ.

ಮಹಾಲಯ ಅಮಾವಾಸ್ಯೆಗೆ ಅವನ ಮೊದಲ ಎಡೆ. ಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಮಡಿಸಿಡುವುದು ನಮ್ಮ ವಾಡಿಕೆ. ನಾನು ಬ್ರೆಡ್ಡು ತಂದಿದ್ದೆ. ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಎಡೆ ಎಲೆಗೆ ಕಾಯಿಲೆ ಅನ್ನ ಇಕ್ತೀಯೇನವ್ವಾ? ಹೋದ ಮಗ ಅಲ್ಲೂ ನರಳಬೇಕಾ?"

ಅವರದ್ದು ತಪ್ಪೆನ್ನಲಾರೆ. ಅವರು ಕಂಡದ್ದು ಹಾಸಿಗೆ ಹಿಡಿದ ಹುಡುಗನನ್ನು. ಆದರೆ ಬ್ರೆಡ್ಡನ್ನು ಕಾಯಿಲೆಗೇ ಬಿಟ್ಟುಕೊಟ್ಟರೆ, ಕಂಬಕ್ಕೊರಗಿ ಓದುತ್ತಿದ್ದವನಿಗೆ ಬಡಿಸಲು ನನ್ನ ಬಳಿ ಬೇರೇನೂ ಇರಲಿಲ್ಲ. ಹಿಡಿದ ಬ್ರೆಡ್ಡನ್ನು ಕೆಳಗಿಡಲಿಲ್ಲ.

ಅವ್ವ ನನ್ನ ಕೈಯಿಂದ ಬ್ರೆಡ್ಡನ್ನು ತೆಗೆದುಕೊಂಡಳು. "ಎಲೆಗೆ ಇಕ್ಕಲ್ಲ ಬುಡು ಬಾವಾ. ಅವ್ನ ಪಾಠದಾಗಿನ ಊರೋರು ಬಟ್ಟೆ ಮ್ಯಾಲೇ ಇಕ್ಕಾದಂತೆ" ಎಂದು, ಮಡಿಸಿಟ್ಟ ಹೊಸ ಅಂಗಿಯ ಮೇಲೆ ಅದನ್ನಿಟ್ಟಳು. ಅಂದು ಮೊರದ ಹಿಂದೆ ಕೂತು ಅವಳು ಆ ಪಾಠವನ್ನು ಪೂರ್ತಿ ಕೇಳಿಸಿಕೊಂಡಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ದೊಡ್ಡಪ್ಪ, "ಅವ್ರ ಕಡೆ ಪದ್ಧತಿ ಅಂದ್ರೆ ಸರಿ" ಎಂದು ಊದುಬತ್ತಿ ಹಚ್ಚಿದರು.

ಈಗ ಕಾರ್ಖಾನೆಯ ಪಾಳಿಗೆ ಓಡುವ ಮನೆಗಳಲ್ಲೆಲ್ಲ ಬೆಳಗಿನ ತಿಂಡಿಯೇ ಬ್ರೆಡ್ಡು. ಯಾರಿಗೆ ಹುಷಾರಿಲ್ಲವೆಂದು ಯಾರೂ ಕೇಳುವುದಿಲ್ಲ. ನಾಲ್ಕನೆಯ ಆ ಭಾಷೆಯ ಒಂದು ಮಾತೂ ನನಗೆ ಬಾರದು, ಬಟ್ಟೆ ಹಾಸಲು ಬರುತ್ತದೆ. ಇವತ್ತೂ ಹಾಸಿ, ಕೈಯಲ್ಲಿ ಮುರಿದು ತಿಂದೆ. ನನಗೆ ಯಾವ ಕಾಯಿಲೆಯೂ ಇಲ್ಲ.