ಕೊಸರಿನ ಉಂಡೆ

ಮೂರು ದಿನಕ್ಕೊಮ್ಮೆ ಕೂಡುವ ಸಂತೆಯಲ್ಲಿ, ಸಾರಿಗೆ ಹಾಕುವ ಸುಂಬಲಾ ಉಂಡೆ ಮಾರುವ ಪೊಗ್ಬಿ ಅಜ್ಜಿಯನ್ನು ಹುಡುಕಲು ಕಣ್ಣೇ ಬೇಡ. ಹುಳಿಸಿದ ಬೀಜದ ನಾತ ಮೂಗಿಗೂ ಅವಳ ಬೈಗುಳ ಕಿವಿಗೂ ದೂರದಿಂದಲೇ ಬಂದು ಬಡಿಯುತ್ತವೆ. ಅವಳು ಮೊಸ್ಸಿ ಕುಲದವಳು. ಇವರು ಸಾಮೊ ಕುಲದವರನ್ನೂ ಅವರು ಇವರನ್ನೂ ತಮಾಷೆಗೆ ಬೈಯುವುದು ಅಜ್ಜಂದಿರ ಕಾಲದಿಂದ ಬಂದ ಹಕ್ಕು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. "ಬಾರೋ ನಮ್ಮಜ್ಜನ ಆಳೇ, ನಾಯಿತಲೆ ತಿಂದು ಬಾಯಿ ತೊಳ್ಕೊಂಡ್ಯಾ?" ಎಂದು ಅವಳು ಕೂಗದಿದ್ದರೆ ಸಾಮೊ ಗಿರಾಕಿಗಳಿಗೆ ಅವತ್ತಿನ ಸಾರೇ ರುಚಿಸದು; ತಿರುಗಿ ಚೆನ್ನಾಗಿ ಬೈದವರಿಗೆ ಒಂದುಂಡೆ ಕೊಸರು. ಎದುರಿಗೆ ಹಗ್ಗ ಮಾರುತ್ತಿದ್ದ ಸಾಮೊ ಮುದುಕ ಜೆರ್ಬೊ ನಲವತ್ತು ವರ್ಷ ಆ ಕೊಸರು ಗೆದ್ದವನು: "ನೀನು ಸಾಯೇ ಮುದುಕಿ, ನಿನ್ನ ತಲೆವಸ್ತ್ರ ಕಟ್ಕೊಂಡು, ನಿನ್ ಹಾಗೇ ಕುಂಟ್ಕೊಂಡು ಊರನ್ನೆಲ್ಲ ನಗಿಸ್ತೀನಿ!" ಸತ್ತವರ ವೇಷ ಕಟ್ಟಿ ಅಳುವವರನ್ನು ನಗಿಸುವುದೂ ಈ ಬೈಗುಳದ ನಂಟಿನವರದೇ ಕೆಲಸ. ಹೋದ ತಿಂಗಳು ಅದು ಅವಳ ಪಾಲಿಗೆ ಬಂತು. ಜೆರ್ಬೊನ ಹುಲ್ಲಿನ ಟೋಪಿ ಹಾಕಿಕೊಂಡು, ಅವನಂತೆಯೇ ಕೆಮ್ಮಿ, ಹೆಣದ ಮುಂದೆ ಅವನ ಹೆಂಡತಿಯನ್ನೂ ನಗಿಸಿದಳು. ಈಗಲೂ ಅವಳು ಬೈಯುವುದನ್ನು ಬಿಟ್ಟಿಲ್ಲ. ಆದರೆ ಸಂತೆ ಕರಗುವ ಹೊತ್ತಿಗೆ ಕೊಸರಿನ ಉಂಡೆ ಕೈಯಲ್ಲೇ ಹಿಡಿದು, ಎದುರಿನ ಖಾಲಿ ಜಾಗಕ್ಕೆ, "ಮಾತಿಗೆ ತಪ್ಪಿದ್ಯಲ್ಲೋ, ನಾಯಿತಲೆ ತಿನ್ನೋನೇ! ನನ್ ಹಾಗೆ ಕುಂಟೋಕೆ ಇನ್ಯಾರಿಗೆ ಬರುತ್ತೋ?" ಎನ್ನುತ್ತಾಳೆ.