ಸಾವು ಹೇಳುವ ಯೋರಿಸ್

ನಮ್ಮ ಸೋದರಮಾವ ಯೋರಿಸ್ ವೆರ್ಹಾಫ್‌ನನ್ನು ಕಂಡರೆ ಮಲಾಕ್ಕಾದ ನಾಯಿಗಳೂ ಬಾಲ ಮುದುಡುತ್ತಿದ್ದವು. ತಪ್ಪು ಅವನದಲ್ಲ, ಅವನ ಕಸುಬಿನದು. ನಮ್ಮ ಡಚ್ಚರ ಪೈಕಿ ಯಾರೇ ಸತ್ತರೂ ಅವನು ಕರಿ ಕೋಟು ತೊಟ್ಟು, ಟೋಪಿಯಿಂದ ಮೊಣಕಾಲಿನತನಕ ಕರಿ ಬಟ್ಟೆ ಇಳಿಬಿಟ್ಟು, ಮನೆಮನೆ ಬಾಗಿಲಲ್ಲಿ ನಿಂತು ಸತ್ತವರ ಹೆಸರು, ಮಣ್ಣಿನ ಹೊತ್ತು ಹೇಳಬೇಕು. ಮೊದಲು ಗವರ್ನರ್ ಮನೆ, ಆಮೇಲೆ ಅಂತಸ್ತು ನೋಡಿಕೊಂಡು ಇಳಿಯುತ್ತಾ ಬರಬೇಕು. ಒಮ್ಮೆ ಪಾದ್ರಿಗಿಂತ ಮೊದಲು ಉಗ್ರಾಣದ ಗುಮಾಸ್ತನ ಮನೆಗೆ ಹೋಗಿದ್ದಕ್ಕೆ ಪಾದ್ರಿಯ ಹೆಂಡತಿ ಎರಡು ವರ್ಷ ಮಾತು ಬಿಟ್ಟಿದ್ದಳು. ಆ ಎರಡು ವರ್ಷ ಬಲು ನೆಮ್ಮದಿಯಾಗಿತ್ತು ಅಂತಿದ್ದ ಮಾವ.

ಅಷ್ಟರಲ್ಲಿ ಇಂಗ್ಲಿಷರು ಹಡಗು ತಂದರು. ನಮ್ಮ ಕೋಟೆಯವರು ಮರ್ಯಾದೆಗೆ ನಾಲ್ಕು ಗುಂಡು ಹಾರಿಸಿ ಬಾಗಿಲು ತೆಗೆದರು. ಹೊಸ ಕ್ಯಾಪ್ಟನ್ನನಿಗೆ ಮಾವನ ಕೋಟು ಕಂಡರೇ ಆಗಲಿಲ್ಲ. "ಇನ್ಮೇಲೆ ಸತ್ತವರ ಹೆಸರು ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದರೆ ಸಾಕು. ಈ ಕಾಗೆ ಬೀದಿಗಿಳಿದರೆ ಜೈಲಿಗೆ ಹಾಕ್ತೀನಿ," ಅಂದ. ಕಾಗದವೋ ಇಂಗ್ಲಿಷಿನಲ್ಲಿ. ಓದೋರು ಯಾರು? ಬಡಗಿ ಲುಕಾಸಜ್ಜನನ್ನು ಮಣ್ಣು ಮಾಡುವಾಗ ಇದ್ದವನು ಗುಂಡಿ ತೋಡಿದವನೊಬ್ಬನೇ.

ನಮ್ಮತ್ತೆ ಡೋರ್ಕಾಸ್ ಆಗಲೇ ಹಾಸಿಗೆ ಹಿಡಿದಿದ್ದಳು, ಬಾಯಿ ಮಾತ್ರ ಗಟ್ಟಿಮುಟ್ಟಾಗಿತ್ತು. ಸುದ್ದಿ ಕೇಳಿ ಮಾವನನ್ನು ಕರೆದಳು.

"ಊರವರ ಹೆಣಕ್ಕೆಲ್ಲ ಜೋಡು ಸವೆಸಿದ್ರಿ. ನನ್ನನ್ನ ಮಾತ್ರ ಬಾಗಿಲಿಗೆ ಅಂಟಿಸಿಬಿಡ್ತೀರೇನ್ರೀ?"

"ಜೈಲಿಗೆ ಹಾಕ್ತಾರೆ ಕಣೇ."

"ಹಾಕ್ಲಿ ಬಿಡಿ. ನಾನು ಹೋದ್ಮೇಲೆ ಅಲ್ಲಾದ್ರೂ ಹೊತ್ತಿಗೆ ಸರಿಯಾಗಿ ಊಟ ಸಿಗತ್ತೆ."

ಬುಧವಾರ ನಸುಕಿನಲ್ಲಿ ಅತ್ತೆ ತೀರಿಕೊಂಡಳು. ಮಾವ ಅಳಲಿಲ್ಲ. ಕೋಟು ಕೊಡವಿ ತೊಟ್ಟ. ಬೇಡ ಮಾವ ಅಂತ ನಾನು ಕೈ ಹಿಡಿದರೂ ಕೇಳದೆ ನೆಟ್ಟಗೆ ಕ್ಯಾಪ್ಟನ್ನನ ಮನೆಗೇ ಹೋದ. ಅಲ್ಲಿ ನಡೆದದ್ದನ್ನು ಕ್ಯಾಪ್ಟನ್ನನ ದುಭಾಷಿ ಆಮೇಲೆ ನನಗೆ ಹೇಳಿದ.

ಕ್ಯಾಪ್ಟನ್ ಕೆಂಡವಾಗಿದ್ದ. "ಬೇಡ ಅಂದಿರಲಿಲ್ವಾ? ಅದೂ ನನ್ನ ಬಾಗಿಲಿಗೇ ಬಂದಿದ್ದೀಯಾ?"

"ಊರಿಗೆ ದೊಡ್ಡವರು ಯಾರೋ ಅವರಿಗೇ ಮೊದಲು ಹೇಳೋದು ಪದ್ಧತಿ ಸ್ವಾಮಿ. ಈಗ ನೀವೇ ಅಂದ್ಕೊಂಡೆ. ಅಲ್ಲ ಅನ್ನೋದಾದ್ರೆ ಹೇಳಿ, ಹಳೇ ಗವರ್ನರ್ ಮನೆಯಿಂದ್ಲೇ ಶುರು ಮಾಡ್ತೀನಿ."

ಕ್ಯಾಪ್ಟನ್ನನ ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಟೋಪಿ ತೆಗೆದು, "ಹೆಸರು ಹೇಳು," ಅಂದನಂತೆ.

ಮಧ್ಯಾಹ್ನದ ತನಕ ಮಾವ ಒಂದು ಮನೆಯನ್ನೂ ಬಿಡಲಿಲ್ಲ. ಪಾದ್ರಿ, ಗುಮಾಸ್ತ, ಪೀಪಾಯಿ ಮಾಡುವವನು, ಎಲ್ಲರಿಗೂ ಹೇಳಿದ. ಅಂತಸ್ತಿನಲ್ಲಿ ಕಟ್ಟಕಡೆಯ ಮನೆ ಮಾವನದೇ. ಅತ್ತೆಯ ತಲೆಯ ಹತ್ತಿರ ಕೂತಿದ್ದ ನನಗೆ ಬಾಗಿಲು ಬಡಿದದ್ದು ಕೇಳಿಸಿತು. ತೆಗೆದರೆ ಮಾವ. ಮುಖದ ತುಂಬ ಬೆವರು. ನನ್ನನ್ನು ನೋಡದೆ, ಎಲ್ಲ ಬಾಗಿಲಲ್ಲೂ ಹೇಳಿದ ಹಾಗೇ ಹೇಳಿದ.

"ಯೋರಿಸ್ ವೆರ್ಹಾಫ್ ಅವರ ಮನೆ ಅಲ್ವಾ? ಅವರ ಹೆಂಡತಿ ಡೋರ್ಕಾಸ್ ತೀರಿಕೊಂಡ್ರು. ಸಂಜೆ ಐದಕ್ಕೆ ಮಣ್ಣು."

"ಅವರಿಗೆ ಹೇಳ್ತೀನಿ," ಅಂದೆ. "ಖಂಡಿತ ಬರ್ತಾರೆ."

ಮಾವ ಹೊಸ್ತಿಲ ಮೇಲೇ ಕುಸಿದು ಕೂತು ಗೊಳೋ ಅಂತ ಅತ್ತ.