ಮೂಗಿನ ಮೇಸ್ತ್ರಿ

ಕಿವಿಗೊಟ್ಟು ಇಂಜಿನ್ ಪರೀಕ್ಷಿಸುವ ಮೆಕ್ಯಾನಿಕ್ಕುಗಳು ಆ ರಸ್ತೆಯಲ್ಲಿ ಬೇಕಾದಷ್ಟು ಜನ ಇದ್ದರು. ಮೂಸಿ ಪರೀಕ್ಷಿಸುವವನು ಅವನೊಬ್ಬನೇ. ಅದಕ್ಕೇ ಮೂಗಿನ ಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಮೂರು ಸಲ ಮೂಸಿದನೆಂದರೆ ಮುಗಿಯಿತು. ಪೆಟ್ರೋಲ್ ಎಲ್ಲಿ ಜಿನುಗುತ್ತಿದೆ, ಆಯಿಲ್ ಎಲ್ಲಿ ಸುಡುತ್ತಿದೆ, ಯಾವ ವೈರು ಕಾದಿದೆ ಎಂದು ಪಟಪಟನೆ ಹೇಳಿಬಿಡುತ್ತಿದ್ದ. ಮೀಟರು, ಗೇಜು ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಪೆಟ್ರೋಲಿನ ಒತ್ತಡ ಅಳೆಯಲು ಯಾರೋ ಕೊಟ್ಟಿದ್ದ ಪ್ರೆಷರ್ ಗೇಜೊಂದು ಡ್ರಾಯರಿನಲ್ಲಿ ತುಕ್ಕು ಹಿಡಿದ ಬೋಲ್ಟುಗಳ ನಡುವೆ ಬಿದ್ದಿತ್ತು. "ಅದು ಮಹಾ ಸೋಮಾರಿ, ಮಲಗಿರ್ಲಿ ಬಿಡ್ರೋ" ಎನ್ನುತ್ತಿದ್ದ. ಜಂಬ ಅಂದರೆ ಜಂಬವೇ. ಆದರೆ ದುಡಿದು ಗಳಿಸಿದ ಜಂಬ.

ಮನೆಯಲ್ಲೂ ಇದೇ ಆಟ. ಸಂಜೆ ಗೇಟಿನ ಹತ್ತಿರ ನಿಂತೇ, "ಇವತ್ತು ಬದನೆಕಾಯಿ! ತಳ ಸ್ವಲ್ಪ ಹಿಡಿದಿದೆ!" ಎಂದು ಕೂಗುವುದು. ಒಳಗಿನಿಂದ ಹೆಂಡತಿ, "ನಿಮ್ಮ ಮೂಗಿಗಿಷ್ಟು ಬೆಂಕಿ ಹಾಕ!" ಎಂದು ಬೈಯುತ್ತ ನಗುವುದು. ಮಕ್ಕಳಿಲ್ಲದ ಮನೆಯಲ್ಲಿ ಅಷ್ಟೇ ಗದ್ದಲ.

ಆಮೇಲೆ ಒಂದು ಜ್ವರ ಬಂತು. ವಾರವಿದ್ದು ಹೋಯಿತು. ಹೋಗುವಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು" ಎಂದು ಎರಡೂ ಕಡೆಯ ಮಾತಾಡಿ ಕಳಿಸಿದರು. ಮೇಸ್ತ್ರಿ ಯಾರಿಗೂ ಬಾಯಿ ಬಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತಿದವನೇ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಹಿಡಿದು ನೋಡುತ್ತಿದ್ದ. ಕಣ್ಣು ಉರಿಯುತ್ತಿತ್ತು, ಅಷ್ಟೆ. ಗಿರಾಕಿ ಬಂದರೆ ಮಾತ್ರ ಹಳೆಯ ಹಾಗೇ ಕಣ್ಣು ಮುಚ್ಚಿ ಮೂರು ಸಲ ಮೂಸುತ್ತಿದ್ದ. ಆಮೇಲೆ ಕೈಯಾಡಿಸಿ, ಕಣ್ಣಾಡಿಸಿ ಹೇಗೋ ದೋಷ ಕಂಡುಹಿಡಿಯುತ್ತಿದ್ದ. ಗೇಟಿನ ಹತ್ತಿರವೂ ಕೂಗುವುದನ್ನು ನಿಲ್ಲಿಸಲಿಲ್ಲ. ಅವನ ಅದೃಷ್ಟಕ್ಕೆ ಹೆಂಡತಿ ಈಚೆಗೆ ಅಡಿಗೆಯಲ್ಲಿ ಸೋಮಾರಿಯಾಗಿದ್ದಳು. ಸೋಮವಾರ ಬದನೆಕಾಯಿ, ಮಂಗಳವಾರ ಕೋಸು, ಬುಧವಾರ ಬೀನ್ಸು, ಪ್ರತಿ ವಾರ ಅದೇ ಸರದಿ. ವಾರ ನೆನಪಿದ್ದರೆ ಸಾಕಿತ್ತು.

ಹೀಗಿರುವಾಗ ಬಾಮೈದನ ಲಾರಿ ಕೆಟ್ಟಿತು. ಅವನು ಹೆಂಡತಿಯ ತಮ್ಮ. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ಅಕ್ಕನೇ ತುತ್ತಿಟ್ಟು ಬೆಳೆಸಿದ್ದಳು. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವನ ಕೆಲಸ, ಅಪ್ಪನ ಕಾಲದ ಪೆಟ್ರೋಲ್ ಲಾರಿಯೇ ಅವನ ಆಸ್ತಿ. ಅದರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಸವೆದು ಸೀಳು ಬಿಟ್ಟಿತ್ತು. "ಬೇರೆ ಕಡೆ ತೋರಿಸ್ಲಾ ಅಕ್ಕ? ಭಾವ ಈಚೆಗೆ ಸುಸ್ತಾಗಿದಾರೆ" ಎಂದು ಕೇಳಿದ. "ಭಾವನ್ನ ಬಿಟ್ಟು ಬೇರೆಯವರ ಹತ್ರ ಹೋಗ್ತೀಯೇನೋ? ಅವರ ಹತ್ರಾನೇ ಬಿಡು" ಎಂದು ಅವಳೇ ಗದರಿಸಿ ಕಳಿಸಿದಳು.

ಹಳೆಯ ಮಾದರಿ ಸಿಗಲಿಲ್ಲ, ಬೇರೆ ಜಾತಿಯದೊಂದು ತಂದರು. ಅಂಗಡಿಯವನು ಕೊಡುವಾಗಲೇ, "ಪ್ರೆಷರ್ ನೋಡ್ಕೊಳ್ಳಿ ಮೇಸ್ತ್ರಿ. ಇದರ ಸೂಜಿ ನಾಜೂಕು, ಪಂಪು ಜೋರಾಗಿ ತಳ್ಳಿದ್ರೆ ತಡ್ಕೊಳ್ಳಲ್ಲ" ಎಂದಿದ್ದ. ಆ ಲಾರಿಗೆ ಹಿಂದೆ ಮೇಸ್ತ್ರಿಯೇ ಪೆಟ್ರೋಲ್ ತಳ್ಳುವ ಕರೆಂಟಿನ ಪಂಪು ಹಾಕಿದ್ದ, ಅದು ಜೋರಿನದೇ. ಹಳೆಯ ಕಾರ್ಬುರೇಟರ್ ಆ ಒತ್ತಡವನ್ನು ಹೇಗೋ ನುಂಗಿಕೊಂಡಿತ್ತು. ಹೊಸದರಲ್ಲಿ ಪೆಟ್ರೋಲು ತನ್ನನ್ನು ತಡೆಯಬೇಕಾದ ಸೂಜಿಯನ್ನೇ ತಳ್ಳಿಕೊಂಡು ಬಂದು, ಬಟ್ಟಲು ತುಂಬಿ, ಕಾದ ಇಂಜಿನ್ ಮೇಲೆ ಚೆಲ್ಲಬಹುದು. ಇದೆಲ್ಲ ಅವನಿಗೆ ಗೊತ್ತಿಲ್ಲದ್ದೇನಲ್ಲ. ಡ್ರಾಯರ್ ಎಳೆದು ಗೇಜನ್ನು ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಪಕ್ಕದ ಟೈರ್ ಅಂಗಡಿಯವನು ಬಾಗಿಲಲ್ಲಿ ನಿಂತು, "ಏನ್ ಮೇಸ್ತ್ರಿ, ಮೂಗು ರಜಾ ಹಾಕಿದೆಯಾ?" ಎಂದು ನಕ್ಕ.

ಮೇಸ್ತ್ರಿ ಗೇಜನ್ನು ಅಲ್ಲೇ ಹಾಕಿ ಡ್ರಾಯರ್ ಮುಚ್ಚಿದ. ಇಂಜಿನ್ ಚಾಲೂ ಮಾಡಿದ. ಬೆಣ್ಣೆಯಂತೆ ಓಡಿತು. ಬೆರಳಾಡಿಸಿದ, ಒಣಗಿತ್ತು. ಕಣ್ಣು ಮುಚ್ಚಿ ಮೂರು ಸಲ ಮೂಸಿ, "ಪಕ್ಕಾ ಇದೆ, ತಗೊಂಡು ಹೋಗು" ಎಂದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಸಿಗ್ನಲಿನಲ್ಲಿ ನಿಂತಾಗ ಬಾನೆಟ್ಟಿನಿಂದ ಹೊಗೆ ಬಂದಿದೆ. ಬಾಮೈದ ಇಳಿದು ಎರಡೂ ಕೈಯಿಂದ ಎತ್ತಿದ್ದಾನೆ. ಒಳಗೆ ಕಾಯುತ್ತಿದ್ದ ಬೆಂಕಿ ಕೈಗೇ ಹಾರಿದೆ.

ಆಸ್ಪತ್ರೆಯಲ್ಲಿ ಅವನ ಕೈಗಳು ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿದ್ದವು. ಬೆರಳು ಮೊದಲಿನಂತೆ ಮಡಚುವುದು ಅನುಮಾನ ಎಂದು ಡಾಕ್ಟರು ಹೇಳಿಯಾಗಿತ್ತು. ಮೇಸ್ತ್ರಿಯನ್ನು ಕಂಡವನೇ ತಾನೇ ಸಮಾಧಾನ ಹೇಳತೊಡಗಿದ. "ನಿಮ್ಮ ತಪ್ಪಿಲ್ಲ ಭಾವ. ದಾರಿಯಲ್ಲೇ ಪೆಟ್ರೋಲ್ ವಾಸನೆ ಬಂತು. ನೀವು ಮೂಸಿ ಕೊಟ್ಟಿದ್ದೀರಲ್ಲ, ನನ್ನ ಬಟ್ಟೆದೇ ಇರ್ಬೇಕು ಅನ್ಕೊಂಡೆ."

ಮೇಸ್ತ್ರಿ ಹೊರಗೆ ಬಂದ. ಅವನಿಗೆ ಸತ್ತುಹೋಗಬೇಕು ಅನ್ನಿಸಿತು.

ಅಂದು ಸಂಜೆ ಗೇಟಿನ ಹತ್ತಿರ ಕೂಗಲಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗಿ, "ನನಗೆ ವಾಸನೆ ಗೊತ್ತಾಗಲ್ಲ ಕಣೆ. ಆ ಜ್ವರ ಬಂದಾಗಿಂದ" ಎಂದ.

ಅವಳು ತಿರುಗಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ.

"ಗೊತ್ತು" ಎಂದಳು. "ಒಂದಿನ ಹಾಲು ಉಕ್ಕಿ ಸೀದು ಕರಕಲಾದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ಸೋಮವಾರ ಸೋಮವಾರ ಬದನೆಕಾಯಿ ಯಾಕೆ ಮಾಡ್ತಿದ್ದೆ ಅನ್ಕೊಂಡ್ರಿ? ನೀವು ಗೇಟಲ್ಲಿ ತಪ್ಪು ಹೇಳಿ ಸಣ್ಣಗಾಗಬಾರ್ದು ಅಂತ. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಮೇಸ್ತ್ರಿ ತಣ್ಣಗಿದ್ದ ಒಲೆಯನ್ನು ನೋಡಿದ. ತನ್ನ ಮಾನ ಕಾಯಲು ಒಬ್ಬಳು ಇಷ್ಟು ದಿನ ಸುಳ್ಳನ್ನು ಬೇಯಿಸಿ ಬಡಿಸಿದ್ದಳು, ತಾನು ಅದನ್ನು ಸೋಮಾರಿತನ ಅಂದುಕೊಂಡಿದ್ದ.

ಮಾರನೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಅವಳು ಮಂಚದ ಪಕ್ಕ ಕೂತು ಅನ್ನ ಕಲಸಿ ತಮ್ಮನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಳು. ಅವನು ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದ. ಮೇಸ್ತ್ರಿ ನಿಂತುಕೊಂಡೇ ಎಲ್ಲ ಹೇಳಿದ: ಜ್ವರ, ಮೂಗು, ಡ್ರಾಯರಿಗೆ ಹಾಕಿ ಮುಚ್ಚಿದ ಗೇಜು.

ಬಾಮೈದ ತನ್ನ ಕೈಗಳನ್ನು ನೋಡಿದ. "ಕಸುಬು ಹೋಗತ್ತೆ ಅಂತ ಹೆದರಿದ್ರಿ" ಎಂದ. "ಅಕ್ಕನಿಗಾದ್ರೂ ಹೇಳಬಾರ್ದಾ ಭಾವ? ಅವಳಿಗೆ ಗೊತ್ತಿದ್ರೆ ನನ್ನನ್ನ ಕಳಿಸ್ತಾನೇ ಇರ್ಲಿಲ್ಲ."

"ಹೌದು, ಹೇಳ್ಬೇಕಿತ್ತು. ಅವಳಿಗೆ ಏನೂ ಗೊತ್ತಿರ್ಲಿಲ್ಲ" ಎಂದ ಮೇಸ್ತ್ರಿ.

"ಗೊತ್ತಿತ್ತು ಕಣೋ" ಎಂದಳು ಅವಳು.

ತಮ್ಮ ಅವಳ ಕಡೆ ನೋಡಿದ. ಅವಳು ಇನ್ನೊಂದು ಚಮಚ ತುಂಬಿ ಅವನ ತುಟಿಯ ಹತ್ತಿರ ತಂದಳು. ಅವನು ಬಾಯಿ ತೆರೆಯಲಿಲ್ಲ. ಅನ್ನ ಆರುತ್ತಿತ್ತು. ಅವಳು ಚಮಚ ಇಳಿಸದೆ ಹಾಗೇ ಹಿಡಿದುಕೊಂಡು ಕೂತಿದ್ದಳು.